ಸಬ್ ಸ್ಟೇಷನ್ನಿನಲ್ಲಿ ಹೆಣ್ಣು ನೋಡಿದ್ದು

ನಮ್ಮ ಹೊಲದ ಮಗ್ಗುಲಿಗೆ ಸಬ್ ಸ್ಟೇಷನ್ ಬಂದಾಗ ಊರಿನವರೆಲ್ಲ ಇನ್ನು ನಮಗೆ ಕರೆಂಟು ಹೋಗುವುದೇ ಇಲ್ಲ ಅಂದುಕೊಂಡರು. ಹಸು ಕಟ್ಟಿದ ಮನೆಯಲ್ಲಿ ಹಾಲಿಗೆ ಬರ ಬರುತ್ತದೆಯೇ ಎಂಬ ಲೆಕ್ಕ. ಬಂತು. ಈಗಲೂ ಎಲ್ಲ ಊರಿಗೂ ಹೋದಂತೆ ನಮ್ಮೂರಿಗೂ ಹೋಗುತ್ತದೆ. ವ್ಯತ್ಯಾಸ ಇಷ್ಟೇ, ಬೇರೆ ಊರಿನವರು ಫೋನಿನಲ್ಲಿ ಬೈಯುತ್ತಾರೆ, ನಮ್ಮೂರಿನವರು ನಡೆದು ಹೋಗಿ ಬೇಲಿಯ ಆಚೆ ನಿಂತು ಬೈಯುತ್ತಾರೆ.

ಬೈಸಿಕೊಳ್ಳುವವಳು ನನ್ನ ಮೊಮ್ಮಗಳು. ಮಗನ ಮಗಳು. ಹೊಸೂರಿನಲ್ಲಿ ಡಿಪ್ಲೊಮಾ ಓದಿ, ಅಲ್ಲಿ ಇಲ್ಲಿ ಅಲೆದು, ಕಡೆಗೆ ಸೂಳಗಿರಿಯ ಒಳಗಡೆ ಇರುವ ನಮ್ಮದೇ ಸಬ್ ಸ್ಟೇಷನ್ನಿಗೆ ಆಪರೇಟರ್ ಆಗಿ ಬಂದಳು. ನಮ್ಮ ಕಡೆ ತಮಿಳುನಾಡಿಗೆ ಸೇರಿದ್ದು, ಗೇಟಿನ ಮೇಲೆ ತಮಿಳಿನಲ್ಲಿ ದೊಡ್ಡದಾಗಿ ಬೋರ್ಡಿದೆ. ನನಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಗುಮ್ಮಳಾಪುರದಲ್ಲಿ ಮೂರನೇ ಕ್ಲಾಸಿನವರೆಗೆ ಕನ್ನಡ ಕಲಿತೆ, ಅಷ್ಟಕ್ಕೆ ನಮ್ಮಪ್ಪನಿಗೆ ಕುರಿ ಕಾಯಲು ಆಳು ಬೇಕಾಯಿತು. ಬೋರ್ಡಿನಲ್ಲಿ ಏನಿದೆಯೆಂದು ಮೊಮ್ಮಗಳನ್ನು ಕೇಳಿದೆ. ಹೊರಗಿನವರು ಒಳಗೆ ಬರಬಾರದು ಎಂದಿದೆ, ಅದು ಮುಖ್ಯವಾಗಿ ನಿನಗೇ ಬರೆದದ್ದು ಅಂದಳು.

ಅವಳಿಗೆ ಬುತ್ತಿ ಕೊಡುವ ನೆಪದಲ್ಲಿ ಹೋಗಿ ಬಂದು, ಗೇಟಿನ ಹೊರಗೆ ನಿಂತು ನಿಂತು ಒಳಗಿನ ಸಾಮಾನುಗಳ ಹೆಸರು ನನಗೂ ಬಾಯಿಗೆ ಹತ್ತಿದವು. ಎಲ್ಲಕ್ಕಿಂತ ದೊಡ್ಡದು ಟ್ರಾನ್ಸ್‌ಫಾರ್ಮರ್. ಅದೊಂದು ಎಣ್ಣೆಯ ಹಂಡೆ, ಹಗಲೂ ರಾತ್ರಿ ಗುಂಯ್ ಅನ್ನುತ್ತಿರುತ್ತದೆ, ನನ್ನ ಗಂಡ ಇದ್ದಾಗ ಹೀಗೇ ನಿದ್ದೆ ಮಾಡುತ್ತಿದ್ದ. ಅದರ ಪಕ್ಕದಲ್ಲಿ ಒಂದು ಗಾಜಿನ ಡಬ್ಬಿ, ಡಬ್ಬಿಯ ತುಂಬ ನೀಲಿ ಹರಳು. ಹಂಡೆಯ ಎಣ್ಣೆ ಕಾದರೆ ಉಬ್ಬುತ್ತದೆ, ಆರಿದರೆ ಇಳಿಯುತ್ತದೆ, ಇಳಿಯುವಾಗ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವವನ್ನು ಈ ಹರಳು ಹೀರಬೇಕು. ಹೀರಿ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊಸದು ಹಾಕಬೇಕು. ಉಪ್ಪಿನಕಾಯಿ ಜಾಡಿಗೆ ತೇವ ತಾಕೀತೆಂದು ನಾವು ಸಾಯುವಷ್ಟೇ ಅವರೂ ಸಾಯುತ್ತಾರೆ. ಇನ್ನು ನೆಲದಲ್ಲಿ ಅಲ್ಲಲ್ಲಿ ಚಿಕ್ಕ ಗುಂಡಿಗಳಿವೆ. ಒಳಗೆ ಇದ್ದಿಲು, ಉಪ್ಪು, ಒಂದು ಕಬ್ಬಿಣದ ಕೊಳವೆ. ಮೇಲೆ ಬಕೆಟ್ಟಿನಲ್ಲಿ ನೀರು ಹುಯ್ಯುತ್ತಾರೆ. ಏನೂ ಚಿಗುರದ ಪಾತಿಗೆ ನೀರು ಹಾಕಲು ಒಬ್ಬನಿಗೆ ಸಂಬಳ ಕೊಡುತ್ತಾರಲ್ಲ ಅಂದೆ. ಅದು ಅರ್ತಿಂಗ್, ಕರೆಂಟು ತಪ್ಪಿ ನಡೆದರೆ ಮನುಷ್ಯರನ್ನು ಬಿಟ್ಟು ಭೂಮಿಗೆ ಇಳಿಯಲಿ ಎಂದು ಮಾಡಿದ್ದು, ಭೂಮಿ ಒಣಗಿದರೆ ಇಳಿಯುವುದಿಲ್ಲ ಅಂದಳು. ಸರಿ, ಹುಯ್ಯಲಿ.

ಬ್ರೇಕರ್ ಮತ್ತು ಐಸೊಲೇಟರ್ ಅಂತ ಎರಡಿವೆ. ಎರಡೂ ಲೈನು ಬಿಡಿಸುವಂಥವೇ. ಆದರೆ ಕರೆಂಟು ಹರಿಯುತ್ತಿರುವಾಗ ಬಿಡಿಸುವ ತಾಕತ್ತು ಬ್ರೇಕರಿಗೆ ಮಾತ್ರ. ಅದು ಬಿಡಿಸಿದ ಮೇಲೆ ಐಸೊಲೇಟರ್ ತೆಗೆಯಬೇಕು. ಹಿಂದುಮುಂದಾದರೆ ಬೆಂಕಿ ಏಳುತ್ತದೆ. ಬ್ರೇಕರ್ ಎಂದರೆ ಜಗಳದ ನಡುವೆ ನುಗ್ಗಿ ಬಿಡಿಸುವವನು, ಐಸೊಲೇಟರ್ ಎಂದರೆ ಜಗಳ ಮುಗಿದ ಮೇಲೆ ಬಂದು ಅಡ್ಡ ನಿಲ್ಲುವ ನೆಂಟ. ನಮ್ಮ ಮನೆಯಲ್ಲಿ ಎಲ್ಲರೂ ಐಸೊಲೇಟರುಗಳೇ.

ಈಗ ವಿಷಯಕ್ಕೆ ಬರುತ್ತೇನೆ.

ಮೊಮ್ಮಗಳಿಗೆ ಒಂದು ಸಂಬಂಧ ಬಂತು. ಹುಡುಗನ ಊರು ಸಾನಮಾವು ಕಾಡಿನ ಈಚೆ ಮಗ್ಗುಲು. ಹೊಸೂರಿನಲ್ಲಿ ಕಾರ್ಖಾನೆಯ ಕೆಲಸ, ಊರಲ್ಲಿ ಟೊಮೇಟೊ, ರಾಗಿ. ಕಿವಿ ಸ್ವಲ್ಪ ದೊಡ್ಡವು, ಬಿಟ್ಟರೆ ದೋಷವಿಲ್ಲ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದರು, ಒಪ್ಪಿಕೊಂಡೂ ಆಗಿತ್ತು. ಗಂಟು ಬಿದ್ದದ್ದು ಹುಡುಗನ ತಾಯಿಯ ಮಾತಿನಲ್ಲಿ. ಮದುವೆಯಾದ ಮೇಲೆ ಹುಡುಗಿ ಪಾಳಿಯ ಕೆಲಸ ಬಿಡಬೇಕು, ರಾಗಿ ಕಾಲದಲ್ಲಿ ಆನೆ ಓಡಾಡುವ ದಾರಿ ನಮ್ಮದು, ಅಂಥ ದಾರಿಯಲ್ಲಿ ಸೊಸೆಯನ್ನು ರಾತ್ರಿ ಪಾಳಿಗೆ ಕಳಿಸುವ ಮನೆ ನಮ್ಮದಲ್ಲ ಎಂದು ಸಂಬಂಧ ತಂದವನ ಕೈಲಿ ಹೇಳಿ ಕಳಿಸಿದ್ದರು.

ಅವರು ಹೆಣ್ಣು ನೋಡಲು ಬರುವ ಹಿಂದಿನ ದಿನ ತಲೆಗೆ ಎಣ್ಣೆ ಒತ್ತುವಾಗ ಮೊಮ್ಮಗಳು ನನಗೆ ನೇರವಾಗಿ ಹೇಳಿದಳು.

"ಹುಡುಗ ಆಗ್ಬೋದು ಅಜ್ಜಿ. ಕೆಲ್ಸ ಬಿಡು ಅಂದ್ರೆ ಮಾತ್ರ ಅಲ್ಲೇ ಎದ್ದು ಬತ್ತೀನಿ. ಆಮೇಲೆ ನೀನು ಅಳ್ಬೇಡ."

ನಾನ್ಯಾಕೆ ಅಳಲಿ. ಆದರೆ ಅವಳ ತಲೆ ನನ್ನ ಕೈಯಲ್ಲೇ ಇತ್ತು, ಕತ್ತು ಕಲ್ಲಿನಂತೆ ಗಟ್ಟಿಯಾಗಿತ್ತು. ಹುಡುಗನೂ ಬೇಕು, ಕೆಲಸವೂ ಬೇಕು ಎಂದು ನನಗೆ ತಿಳಿಯಿತು. ಎರಡರಲ್ಲಿ ಒಂದು ಹೋಗುತ್ತದೆ ಎಂದೂ ಅನ್ನಿಸಿತು. ಎಣ್ಣೆ ಇನ್ನಷ್ಟು ಒತ್ತಿದೆ.

ಭಾನುವಾರ ನೋಡುವ ಶಾಸ್ತ್ರ. ಅವಳ ಪಾಳಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಮನೆಗೆ ಬಂದು ಸೀರೆ ಉಡುತ್ತಾಳೆ, ಸಂಜೆಯ ರಾಹುಕಾಲಕ್ಕೆ ಮುಂಚೆ ತಾಂಬೂಲ ಬದಲಾಯಿಸುವುದು ಎಂದು ಮಾತಾಗಿತ್ತು. ಬೀಗರಾಗುವವರು ಕಾರಿನಲ್ಲಿ ಬಂದರು, ತಂದೆ, ತಾಯಿ, ಹುಡುಗ. ಬಾಳೆಹಣ್ಣು ಬಂತು, ಉಪ್ಪಿಟ್ಟು ಬಂತು, ಹುಡುಗಿ ಬರಲಿಲ್ಲ. ಅವಳನ್ನು ಬಿಡಿಸಬೇಕಾದವನ ಬೈಕು ದಾರಿಯಲ್ಲಿ ಕೆಟ್ಟು ನಿಂತಿತ್ತು. ಬದಲಿ ಆಳು ಬಂದು ಕೂರದೆ ಆಪರೇಟರ್ ಜಾಗ ಬಿಡುವ ಹಾಗಿಲ್ಲ, ಮದುವೆಯಿರಲಿ ಸಾವಿರಲಿ. ನನ್ನ ಮಗ ಅವನನ್ನು ಕರೆತರಲು ಹೋದ. ಸೊಸೆ ಎರಡನೇ ಸಲ ಕಾಫಿ ಕಾಸಿದಳು. ಹುಡುಗನ ತಾಯಿ ಗೋಡೆಯ ಗಡಿಯಾರ ನೋಡುವುದು, ನನ್ನನ್ನು ನೋಡುವುದು. ಇವತ್ತು ರಾಹುಕಾಲಕ್ಕೆ ಮುಂಚೆ ಆಗದಿದ್ದರೆ ಈ ತಿಂಗಳು ಬೇರೆ ದಿನವೇ ಇಲ್ಲ ಎಂದರು.

ಹುಡುಗಿ ಬರಲಾಗದಿದ್ದರೆ ನಾವೇ ಹೋಗೋಣ, ಹೊಲದ ಆಚೆಗೇ ಇರುವುದು ಎಂದೆ ನಾನು. ಹಂಗೂ ಆಗಬಹುದು, ಅವಳು ಕೂರುವ ಜಾಗವನ್ನೂ ನೋಡಿದಂತಾಯಿತು ಎಂದರು ಹುಡುಗನ ತಾಯಿ. ಆ ಜಾಗ ಬಿಡಿಸುವ ಮೊದಲು ಒಮ್ಮೆ ನೋಡಬೇಕು ಎಂಬ ಆಸೆ ಇದ್ದಿರಬೇಕು. ಸೊಸೆಯನ್ನು ಮನೆ ನೋಡಿಕೊಳ್ಳಲು ಬಿಟ್ಟು ಹೊರಟೆವು.

ಗೇಟಿನ ಹತ್ತಿರ ನಮ್ಮ ದಂಡು ಕಂಡು ಮೊಮ್ಮಗಳ ಮುಖ ಹುಳ್ಳಗಾಯಿತು. ನೀಲಿ ಚೂಡಿದಾರ, ತಲೆಗೆ ಎಣ್ಣೆ, ಹಣೆಗೆ ಕುಂಕುಮವೂ ಇಲ್ಲ. ಬೇರೆ ದಾರಿಯಿಲ್ಲದೆ ಗೇಟು ತೆಗೆದು, ಎಲ್ಲರೂ ಕಂಟ್ರೋಲ್ ರೂಮಿನ ಹೊರಗಿನ ಜಗುಲಿಯಲ್ಲಿ ಕೂರಬೇಕು, ಜಲ್ಲಿ ಹಾಸಿದ ಕಡೆ ಕಾಲಿಡಬಾರದು ಅಂದಳು. ಹುಡುಗ ಕಾಲನ್ನು ಎತ್ತಿಯೇ ಇಟ್ಟುಕೊಂಡ. ತಂದೆ ಟ್ರಾನ್ಸ್‌ಫಾರ್ಮರ್ ನೋಡಿ, ಎಷ್ಟು ಎಣ್ಣೆ ಹಿಡಿಯುತ್ತೆ ಎಂದು ಕೇಳಿದರು. ಅವಳು ಹೇಳಿದಳು. ಅವರು ಮನೆಯ ಒಗ್ಗರಣೆಗೆ ಎಷ್ಟು ವರ್ಷ ಬರುತ್ತದೆ ಎಂದು ಬೆರಳು ಮಡಿಸಿ ಲೆಕ್ಕ ಹಾಕಿದರು.

ಆ ಹೊತ್ತಿಗೆ ಹುಡುಗನ ತಾಯಿ ನೀರು ಕುಡಿಯುತ್ತೇನೆ ಎಂದು ಎದ್ದು ನೇರ ಕಂಟ್ರೋಲ್ ರೂಮಿಗೇ ಹೊಕ್ಕರು. ಮೊಮ್ಮಗಳು ಹಿಂದೆ ಓಡಿದಳು. ಅವರಿಬ್ಬರು ಒಳಗೆ ಹೋದ ಮೇಲೆ ನಾವು ಹೊರಗೆ ಯಾರನ್ನು ನೋಡುವುದು, ನಾವೂ ಹೋದೆವು.

ಆ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬೂದು ಬಣ್ಣದ ಬೀರುಗಳ ಸಾಲು. ಅವನ್ನು ಪ್ಯಾನೆಲ್ ಅನ್ನುತ್ತಾರೆ. ಒಂದೊಂದು ಬೀರು ಒಂದೊಂದು ಫೀಡರಿಗೆ, ಅಂದರೆ ಇಂತಿಂಥ ಊರುಗಳಿಗೆ ಹೋಗುವ ಲೈನಿಗೆ. ಬೀರುವಿನ ಎದೆಯ ಮೇಲೆ ಎರಡು ದೀಪ, ಕೆಂಪು ಮತ್ತು ಹಸಿರು. ಕೆಳಗೆ ಅಡ್ಡಡ್ಡಲಾಗಿ ಒಂದು ಕರಿಯ ಹಿಡಿ. ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಹೊರಗೆ ಆ ಲೈನಿನ ಬ್ರೇಕರ್ ಬಿಡುತ್ತದೆ, ಬಲಕ್ಕೆ ತಿರುಗಿಸಿದರೆ ಹತ್ತುತ್ತದೆ.

ಹುಡುಗನ ತಾಯಿಯ ಕೈಯಲ್ಲಿ ತಾಂಬೂಲದ ಬಟ್ಟೆಚೀಲ ಇತ್ತು. ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ, ಮಲ್ಲಿಗೆ ಹೂವು. ಅದನ್ನು ನೆಲಕ್ಕೆ ಇಡುವಂತಿಲ್ಲ, ನಮ್ಮಲ್ಲಿ ಯಾರೂ ಇಡುವುದಿಲ್ಲ. ಮೇಜಿನ ಮೇಲೆ ಇಡೋಣವೆಂದರೆ ಅಲ್ಲಿ ಯಾರದೋ ಎಂಜಲು ಲೋಟ. ಗೋಡೆಯಲ್ಲಿ ಮೊಳೆ ಇಲ್ಲ. ಎದುರಿಗೆ ಸರಿಯಾಗಿ ಕೈಯೆತ್ತರಕ್ಕೆ ಒಂದು ಹಿಡಿ, ಚೀಲ ಹಾಕಲೆಂದೇ ಮಾಡಿದಂತೆ. ಮೊಮ್ಮಗಳು ಬೆನ್ನು ತಿರುಗಿಸಿ ಬೇರೆ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು, ಅದನ್ನು ಹಿಡಿಯಲು ಕೈ ಬೇಕಿತ್ತು. ಆಯಮ್ಮ ಚೀಲವನ್ನು ಹಿಡಿಯ ಎಡಗಡೆಗೆ ನೇತುಹಾಕಿ, ಲೋಟಕ್ಕೆ ಕೈ ಚಾಚಿದರು.

ಹೊರಗೆ ಜಲ್ಲಿ ಹಾಸಿದ ಯಾರ್ಡಿನಲ್ಲಿ ಧಡ್ ಎಂದಿತು. ಒಳಗೆ ಗಂಟೆ ಹೊಡೆದುಕೊಂಡಿತು. ಬೀರುವಿನ ಮೇಲೆ ಕೆಂಪು ಆರಿ ಹಸಿರು ಹತ್ತಿತು. ಹುಡುಗನ ತಾಯಿ ಆ ದೀಪ ನೋಡಿ ಕೈ ಮುಗಿದರು. ಗಂಟೆಯೂ ಆಯಿತು, ಹಸಿರೂ ಬಂತು, ಶುಭವಾಯಿತು ಎಂದರು.

ಅಲ್ಲಿ ಹಸಿರು ಎಂದರೆ ಕರೆಂಟು ಹೋಯಿತು ಎಂದು.

ಮೊಮ್ಮಗಳು ಗಂಟೆ ನಿಲ್ಲಿಸಿದಳು. ಲೈನಿನಲ್ಲಿ ತಂತಿ ಬಿದ್ದಿದ್ದರೆ ಅದಕ್ಕೊಂದು ಗುರುತು ತೋರಿಸುವ ಪೆಟ್ಟಿಗೆಯಿದೆ, ರಿಲೇ ಎನ್ನುತ್ತಾರೆ. ಅದನ್ನು ನೋಡಿದಳು, ಗುರುತು ಬಿದ್ದಿರಲಿಲ್ಲ. ಕಿಟಕಿಯಿಂದ ಯಾರ್ಡ್ ನೋಡಿದಳು, ಹೊಗೆ ಇರಲಿಲ್ಲ. ಆಮೇಲೆ ಹಿಡಿಯಿಂದ ಇಳಿಬಿದ್ದ ಮಲ್ಲಿಗೆ ನೋಡಿದಳು.

"ಈ ಚೀಲ ಯಾರ್ದು?"

ಹುಡುಗನ ತಾಯಿ ನಮ್ಮದೇ ಎಂದರು, ತಾಂಬೂಲದ್ದು, ನೆಲಕ್ಕೆ ಇಡಬಾರದಲ್ಲ. ಹುಡುಗ ಪ್ಯಾನೆಲ್ಲಿನ ಮೇಲಿನ ತಮಿಳು ಅಕ್ಷರ ಓದಿ ಬೆಪ್ಪಾದ. ಅದು ಅವರದೇ ಊರಿನ ಫೀಡರ್. ತಾಯಿಯನ್ನು ಕಾಪಾಡಲು ಹೊರಟವನಂತೆ ಚೀಲ ಎತ್ತಿ, ಇನ್ನೊಂದು ಕೈಯನ್ನು ಹಿಡಿಯ ಕಡೆ ನೀಡಿದ. ಆಗ ನನ್ನ ಮೊಮ್ಮಗಳು ಗಂಡಾಗುವವನೊಂದಿಗೆ ಮುಖಾಮುಖಿ ಆಡಿದ ಮೊದಲ ಮಾತು ಇದು:

"ಕೈ ಹಿಂದಕ್ ಕಟ್ಕಳಿ."

ಕಟ್ಟಿಕೊಂಡ. ಚೀಲವನ್ನೂ ಹಿಂದೆಯೇ ಹಿಡಿದುಕೊಂಡ. ಆಗಲೇ ನನಗೆ ಈ ಹುಡುಗ ಆದಾನು ಅನ್ನಿಸಿತು.

ತಿರುಗಿದ್ದನ್ನು ತಿರುಗಿಸಿದರೆ ಬರುತ್ತದಲ್ಲ, ತಿರುಗಿಸಮ್ಮ ಎಂದು ತಾಯಿ ಮೆತ್ತಗೆ ಹೇಳಿದರು. ಮೇಲಿನವರನ್ನು ಕೇಳದೆ ತಿರುಗಿಸುವಂತಿಲ್ಲ, ಕರೆಂಟು ಹೋಯಿತೆಂದು ಯಾರಾದರೂ ಕಂಬ ಹತ್ತಿ ಕೂತಿದ್ದರೆ ಎಂದಳು ಇವಳು. ನಮ್ಮ ಕಡೆ ಕರೆಂಟು ಹೋದ ಕೂಡಲೇ ಕಂಬದ ಹತ್ತಿರ ಹೋಗಿ ಬಿದಿರಿನ ಗಳದಲ್ಲಿ ತಂತಿ ತಿವಿಯುವವರು ಎಲ್ಲ ಊರಲ್ಲೂ ಇದ್ದಾರೆ. ತಾಯಿ ಗಂಡನ ಮುಖ ನೋಡಿದರು. ಯಾರು ತಿವಿಯುತ್ತಾರೆಂದು ಅವರಿಗೂ ಗೊತ್ತಿತ್ತೇನೋ.

ಮೊಮ್ಮಗಳು ತನ್ನ ಮೊಬೈಲಿನಲ್ಲಿ ಮೇಲಧಿಕಾರಿಗೆ ಫೋನು ಹಚ್ಚಿದಳು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಆ ಫೋನಿನ ನಂಬರು ಸುತ್ತಲಿನ ಊರುಗಳಲ್ಲಿ ಮನೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದೆ. ಹುಡುಗನ ತಂದೆ, ಫೋನು ಬಡಿದುಕೊಳ್ಳುವುದನ್ನು ನೋಡಿಕೊಂಡು ಇರಲಾರದ ಮನುಷ್ಯ, ಎತ್ತಿಕೊಂಡರು.

ಆ ಕಡೆಯವನ ಗಂಟಲು ನಮಗೂ ಕೇಳುವಷ್ಟಿತ್ತು. ಆಫೀಸೆಂದು ಮೊದಲು ತಮಿಳಿನಲ್ಲಿ ಮರ್ಯಾದೆಯಿಂದ ಶುರುಮಾಡಿದ. ಉತ್ತರ ಬರಲಿಲ್ಲವೆಂದು ತೆಲುಗಿಗೆ ಬಂದ. ಕಡೆಗೆ ಬೈಯಲು ಕನ್ನಡವೇ ಹಿತವೆನಿಸಿತು. ಟೊಮೇಟೊಗೆ ನೀರು ಅರ್ಧಕ್ಕೆ ನಿಂತಿದೆ, ಅಲ್ಲಿ ಕೂತಿರುವ ಹೆಂಗಸು ನಿದ್ದೆ ಹೊಡೆಯುತ್ತಿದ್ದಾಳಾ, ಅವಳನ್ನು ಯಾವನು ಕೆಲಸಕ್ಕೆ ಇಟ್ಟ, ಮನೆಯಲ್ಲಿ ಮುದ್ದೆ ತಿರುವಿಕೊಂಡು ಇರಬಾರದಾ ಎಂದು ಒಂದೇ ಉಸಿರು. ಹುಡುಗನ ತಂದೆಯ ಮುಖ ಕೆಂಪಾಗುತ್ತಾ ಬಂತು. ಗಂಟಲಿನ ಗುರುತು ಹತ್ತಿಬಿಟ್ಟಿತ್ತು.

"ಲೇ, ನಾನು ಕಣ್ಲಾ, ನಿಮ್ಮಣ್ಣ. ಬಾಯಿ ಮುಚ್ಲಾ. ನೀನು ಬಯ್ತಿರೋದು ನಮ್ಮನೆಗ್ ಬರೋ ಸೊಸೇನ."

ತಾಂಬೂಲ ಬದಲಾಯಿಸಿರಲಿಲ್ಲ, ಕೆಲಸ ಬಿಡುವ ಮಾತು ಆಡಿಯೇ ಇರಲಿಲ್ಲ, ಇವರು ಬಾಯಿತಪ್ಪಿ ಮನೆಗೆ ಸೇರಿಸಿಕೊಂಡುಬಿಟ್ಟಿದ್ದರು. ತಾಯಿ ಗಂಡನನ್ನು ನೋಡಿದ ನೋಟಕ್ಕೆ ಹತ್ತಿರದಲ್ಲಿ ಒಂದು ಅರ್ತಿಂಗ್ ಗುಂಡಿ ಬೇಕಿತ್ತು.

ತಮ್ಮ ಸುಧಾರಿಸಿಕೊಂಡು, ಸಬ್ ಸ್ಟೇಷನ್ನಿನ ಹುಡುಗಿಯೇ ಅಂದರೆ ಬಹಳ ಒಳ್ಳೆಯದಾಯಿತು, ಹಂಗಾದರೆ ಹಗಲು ಹೊತ್ತು ಮೋಟರಿಗೆ ತ್ರೀಫೇಸ್ ಸ್ವಲ್ಪ ಜಾಸ್ತಿ ಬಿಡಲು ಹೇಳು ಎಂದ. ತಂದೆ ಫೋನನ್ನು ಅಂಗೈಯಲ್ಲಿ ಮುಚ್ಚಿ, ನಾಚಿಕೆಯಿಲ್ಲದೆ ಅದನ್ನೇ ಇವಳಿಗೆ ಕೇಳಿದರು. ಅದು ನನ್ನ ಕೈಯಲ್ಲಿಲ್ಲ, ಮೇಲಿನಿಂದ ಹೇಳಿದಷ್ಟು ಹೊತ್ತು ಮಾತ್ರ ಎಂದಳು. ಅವರು ಫೋನಿಗೆ, ಆಗುವುದಿಲ್ಲವಂತೆ ಎಂದರು. ಈಗಲೇ ಹೆದರುತ್ತೀಯಲ್ಲ ಅಣ್ಣ ಎಂದು ಆ ಕಡೆಯಿಂದ ಕೇಳಿಸಿತು.

ಅತ್ತ ಮೊಮ್ಮಗಳಿಗೆ ಮೇಲಧಿಕಾರಿ ಸಿಕ್ಕಿದ್ದ. ಕಾರಣ ಕೇಳಿದ. ಹುಡುಗನ ತಾಯಿ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ಗಾಳಿ ಬೀಸಿತು ಎನ್ನು, ಕಾಗೆ ಕೂತಿತು ಎನ್ನು ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನನ್ನ ಕಿವಿಗೆ ಹೇಳಿ ಏನು ಪ್ರಯೋಜನ. ಇವಳು ತಮಿಳಿನಲ್ಲಿ ಬಿಡಿಬಿಡಿಯಾಗಿ, ಹೊರಗಿನವರು ಒಬ್ಬರು ಹಿಡಿಗೆ ತೆಂಗಿನಕಾಯಿ ಚೀಲ ನೇತುಹಾಕಿದರು, ಲೈನಿನಲ್ಲಿ ದೋಷವಿಲ್ಲ ಎಂದಳು. ಹೊರಗಿನವರು ಯಾರು ಎಂದು ಆತ ಕೇಳಿರಬೇಕು. ನನ್ನನ್ನು ಹೆಣ್ಣು ನೋಡಲು ಬಂದವರು ಎಂದಳು. ಆತ ಚೆನ್ನಾಗಿ ಬೈದ. ಆಗಲಿ ಸಾರ್, ಬರೆದು ಕೊಡುತ್ತೇನೆ ಸಾರ್ ಎಂದು ನಾಲ್ಕಾರು ಸಲ ಹೇಳಿದಳು. ಲೈನ್‌ಮನ್ನನ್ನು ವಿಚಾರಿಸಿ, ಯಾರೂ ಕಂಬದ ಮೇಲಿಲ್ಲವೆಂದು ಖಚಿತವಾದ ಮೇಲೆ ಅನುಮತಿ ಬಂತು.

ಹಿಡಿಯನ್ನು ಬಲಕ್ಕೆ ತಿರುಗಿಸಿದಳು. ಧಡ್. ಹಸಿರು ಹೋಗಿ ಕೆಂಪು ಬಂತು. ಹುಡುಗನ ತಾಯಿ ಎರಡು ಹೆಜ್ಜೆ ಹಿಂದೆ ಹಾರಿದರು. ಕೆಂಪು ಬಂದರೆ ಒಳ್ಳೆಯದು ಎಂದು ಅವರಿಗೆ ಒಪ್ಪಿಸುವುದೇ ಕಷ್ಟವಾಯಿತು.

ಅವರಿಗೆ ಸಿಟ್ಟಿತ್ತು. ಸುಳ್ಳು ಹೇಳಿ ಕಾಪಾಡಲಿಲ್ಲ ಎಂಬ ಸಿಟ್ಟು. ಲೋಟ ಇಟ್ಟು, ಸೆರಗು ಸರಿಮಾಡಿಕೊಂಡು, ಕೆಲಸದ ವಿಚಾರ ಈಗಲೇ ಮಾತಾಡಿಬಿಡೋಣ ಎಂದು ಶುರುಮಾಡಿದರು. ಮೊಮ್ಮಗಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಮುಗಿಯಿತು, ಹುಡುಗ ಹೋದ ಎಂದುಕೊಂಡೆ.

ಫೋನು ಮತ್ತೆ ಬಡಿದುಕೊಂಡಿತು. ತಮ್ಮನಿಗೆ ಊರಿಗೆಲ್ಲ ಸಾರಲು ಇಷ್ಟೇ ಹೊತ್ತು ಸಾಕಾಗಿತ್ತು. ಈ ಸಲ ಮಾತಾಡಿದ್ದು ಒಬ್ಬ ಹೆಂಗಸು. ತಂದೆ ಫೋನನ್ನು ಹೆಂಡತಿಗೆ ಕೊಟ್ಟು, ನಿನಗೇ ಎಂದರು. ಅವರ ಪಕ್ಕದ ಮನೆಯಾಕೆ. ಬಚ್ಚಲ ನೀರು ಯಾರ ಕಡೆ ಹರಿಯಬೇಕು ಎಂಬ ವಿಚಾರಕ್ಕೆ ಇಬ್ಬರಿಗೂ ಮಾತು ನಿಂತು ಕಾಲವಾಗಿತ್ತು ಎಂದು ಆಮೇಲೆ ತಿಳಿಯಿತು. ಈಗ ಆಕೆ ಅಕ್ಕಾ ಎಂದು ಕರೆದಳು. ನಿಮ್ಮ ಸೊಸೆಯೇ ಅಂತಲ್ಲ ಅಕ್ಕಾ, ನಮ್ಮ ಮನೆ ಮುಂದಿನ ಕಂಬ ವಾಲಿದೆ, ನಾವು ಹೇಳಿದರೆ ಯಾರೂ ಕೇಳುವುದಿಲ್ಲ, ನೀವೊಂದು ಮಾತು ಹೇಳಿ.

ಹುಡುಗನ ತಾಯಿ ನೆಟ್ಟಗೆ ನಿಂತರು. ಮುಖ ನಿಧಾನವಾಗಿ ಅರಳಿತು, ಬಾಣಲೆಯಲ್ಲಿ ಪೂರಿ ಉಬ್ಬಿದಂತೆ. ನೋಡೋಣ ಎಂದರು. ಈಗ ಇಲ್ಲಿ ಮುಖ್ಯ ಕೆಲಸದಲ್ಲಿದ್ದೇವೆ, ಆಮೇಲೆ ಹೇಳುತ್ತೇನೆ ಎಂದರು. ಫೋನು ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

ಏನೋ ಹೇಳುತ್ತಿದ್ದಿರಿ, ಕೆಲಸದ ವಿಚಾರ ಎಂದು ನಾನು ಕೆದಕಿದೆ. ಬೇಕಂತಲೇ.

"ಅದೇನಿಲ್ಲ ಬಿಡಿ," ಎಂದರು ಆಯಮ್ಮ. "ಓದಿರೋ ಹುಡ್ಗಿ, ಮಾಡ್ಕಂಡ್ ಹೋಗ್ಲಿ. ರಾತ್ರಿ ಪಾಳಿ ಇದ್ರೆ ಇವ್ನು ಕರ್ಕಂಬಂದು ಬಿಟ್ಟು, ಬೆಳಿಗ್ಗೆ ಕರ್ಕಂಡ್ ಹೋಗ್ಬೇಕು. ಏನ್ಲಾ?"

ಕೈ ಹಿಂದೆ ಕಟ್ಟಿಕೊಂಡೇ ಇದ್ದ ಹುಡುಗ ಎಷ್ಟು ಬೇಗ ತಲೆಯಾಡಿಸಿದನೆಂದರೆ ಅವನ ಕಿವಿಗಳೂ ಆಡಿದವು. ಆನೆ ಬಂದರೆ ಏನು ಮಾಡುತ್ತೀಯ ಎಂದು ತಂದೆ ಕೇಳಿದರು. ಗಾಡಿ ನಿಲ್ಲಿಸಿಕೊಂಡು ನಿಂತಿರುತ್ತೇನೆ, ಅದು ಹೋದ ಮೇಲೆ ಹೋಗುತ್ತೇವೆ ಎಂದ. ಸರಿಯಾದ ಉತ್ತರ.

ಕಂಬದ ವಿಚಾರ ನನ್ನ ಕೈಯಲ್ಲಿಲ್ಲ, ಅದು ಬೇರೆ ಆಫೀಸು ಎಂದು ಮೊಮ್ಮಗಳು ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ. ತುಳಿಸಿಕೊಂಡೂ ಹೇಳಿಯೇಬಿಟ್ಟಳು. ಅತ್ತೆಯಾಗುವವರಿಗೆ ಕೇಳಿಸಿತು, ಆದರೆ ಕೇಳಿಸಿಕೊಳ್ಳುವ ಮನಸ್ಸು ಅವರಿಗೆ ಇರಲಿಲ್ಲ. ಮೊದಲು ತಾಂಬೂಲ ಆಗಲಿ, ರಾಹುಕಾಲ ಬರುತ್ತಿದೆ ಎಂದು ಅವಸರ ಮಾಡಿದರು.

ತಟ್ಟೆ ಮನೆಯಲ್ಲೇ ಉಳಿದಿತ್ತು. ಎಂಜಲು ಲೋಟದ ಮೇಜು ಅವರಿಗೆ ಆಗದು, ಪ್ಯಾನೆಲ್ ಹತ್ತಿರ ಇವಳು ಯಾರನ್ನೂ ಬಿಡಳು. ನಾನು ಸೆರಗು ಒಡ್ಡಿದೆ, ಅದರಲ್ಲೇ ಎಲೆ ಅಡಿಕೆ ತೆಂಗಿನಕಾಯಿ ಹಾಕಿದರು. ಮೊಮ್ಮಗಳ ತಲೆಗೆ ಮಲ್ಲಿಗೆ ಮುಡಿಸುವಾಗ ಅವಳು ಒಂದು ಕಣ್ಣು ಮೀಟರುಗಳ ಮೇಲೇ ಇಟ್ಟಿದ್ದಳು. ಆ ಹೊತ್ತಿಗೆ ನನ್ನ ಮಗ ಬದಲಿ ಆಳನ್ನು ಹಿಂದೆ ಕೂರಿಸಿಕೊಂಡು ಬಂದ. ಮಗಳ ತಾಂಬೂಲ ಮುಗಿದುಹೋಗಿದೆ ಎಂದು ತಿಳಿದು ಬಾಗಿಲಲ್ಲೇ ನಿಂತ. ಒಂದು ಬಾಳೆಹಣ್ಣು ಕೊಟ್ಟೆವು. ಬದಲಿ ಆಳಿಗೂ ಒಂದು ಕೊಟ್ಟೆವು, ಯಾಕೆಂದು ಅವನಿಗೆ ತಿಳಿಯಲಿಲ್ಲ, ತಿಂದ.

"ಅಜ್ಜಿ, ಇನ್ನು ಎಲ್ರುನೂ ಆಚೆ ಕರ್ಕಂಡ್ ಹೋಗು. ಇವ್ರಿಗೆ ಒಪ್ಪಿಸೋಕ್ ಮುಂಚೆ ನಾನು ರೀಡಿಂಗ್ ತಗಬೇಕು," ಎಂದಳು ಮದುವಣಗಿತ್ತಿ. ಮಾವ, ಅತ್ತೆ, ಗಂಡ, ಅಪ್ಪ, ಎಲ್ಲರೂ ಸಾಲಾಗಿ ಹೊರಗೆ ಬಂದೆವು.

ಗೇಟಿನ ಹತ್ತಿರ ಹುಡುಗನ ತಾಯಿ ನನ್ನ ಕೈ ಹಿಡಿದು ನಿಲ್ಲಿಸಿದರು. ಗಂಡಸರು ಮುಂದೆ ಹೋಗಲಿ ಎಂದು ಕಾದು, ದನಿ ಇಳಿಸಿ, ನಿಮ್ಮ ಹುಡುಗಿ ಯಾವಾಗಲೂ ಹಿಂಗೇ ಮಾತಾಡುತ್ತಾಳಾ ಎಂದು ಕೇಳಿದರು.

"ಇಲ್ಲ ಬೀಗ್ತಿ," ಎಂದೆ. "ಇವತ್ತು ನೆಂಟ್ರು ಬಂದವ್ರೆ ಅಂತ ಮೆತ್ತುಗ್ ಮಾತಾಡವ್ಳೆ."